ಸೇಯಿಪಾತಿ ಟೀಚರ್ ಹತ್ತಿದ ಹಳದಿ ಲಾರಿ

ಸೇಯಿಪಾತಿ ನನ್ನ ತಂದೆಯ ಅಕ್ಕ. ಮಾವುನ್ ಪಟ್ಟಣದ ಶಾಲೆಯಲ್ಲಿ ಆಯುಷ್ಯವೆಲ್ಲ ಭೂಗೋಳ ಕಲಿಸಿದವಳು. ನಿವೃತ್ತಿಯಾದ ಮೇಲೆ ಊರಾಚೆಯ ಹೊಲದಲ್ಲಿ ಜೋಳ, ಕಲ್ಲಂಗಡಿ ಹಾಕಿಕೊಂಡು ನೆಮ್ಮದಿಯಾಗಿದ್ದಳು. ಒಂದು ಸಂಜೆ ಕಳೆ ಕೀಳುವಾಗ ಹಾವು ಕಚ್ಚಿತು. ಜೀವ ಉಳಿಯಿತು, ಬಲಗಾಲು ಉಳಿಯಲಿಲ್ಲ. ಆಸ್ಪತ್ರೆಯವರು ಕೊಟ್ಟ ಕೃತಕ ಕಾಲು ಉಜ್ಜಿ ಹುಣ್ಣು ಮಾಡುತ್ತದೆಂದು ಅದನ್ನು ಬೀರುವಿನ ಹಿಂದೆ ನಿಲ್ಲಿಸಿ, ಎರಡು ಊರುಗೋಲು ಹಿಡಿದು ಓಡಾಡತೊಡಗಿದಳು.

ಆ ಮರುವರ್ಷ, ಒಂದು ಭಾನುವಾರ ನಾವಿಬ್ಬರೂ ಚರ್ಚಿನಿಂದ ಬರುತ್ತಿದ್ದಾಗ ಪ್ರವಾಸಿಗರನ್ನು ಕೂರಿಸಿಕೊಂಡು, ರಾತ್ರಿ ಡೇರೆಗಳಲ್ಲಿ ತಂಗುತ್ತ ದೂರದೂರ ಹೋಗುವ ದೊಡ್ಡ ಲಾರಿಯೊಂದು ಧೂಳೆಬ್ಬಿಸಿಕೊಂಡು ಹೋಯಿತು. ಕಿಟಕಿಗಳಿಂದ ಹುಡುಗ ಹುಡುಗಿಯರು ಕೈ ಬೀಸಿದರು. ಅತ್ತೆ ಒಂದು ಊರುಗೋಲನ್ನೇ ಎತ್ತಿ ಬೀಸಿದಳು. ಧೂಳು ಇಳಿಯುವ ತನಕ ಅಲ್ಲೇ ನಿಂತಿದ್ದಳು.

“ಗಾವೊನೆ,” ಅಂದಳು ನನ್ನತ್ತ ತಿರುಗಿ, “ನಾನು ಚಿಕ್ಕೋಳಿದ್ದಾಗಿಂದ ಇವರು ಮೇಲೆ ಕೂತ್ಕೊಂಡು ನಂಗೆ ಕೈ ಬೀಸ್ತಾನೇ ಇದಾರೆ. ನಾನು ಕೆಳಗೆ ನಿಂತ್ಕೊಂಡು ಬೀಸ್ತಾನೇ ಇದೀನಿ. ಒಂದ್ಸಲನಾದ್ರೂ ಮೇಲಿಂದ ಬೀಸ್ಬೇಕು ಕಣೇ.”

“ಎಲ್ಲಿಗೆ ಹೋಗ್ತೀಯ ಅತ್ತೆ?”

“ನಮೀಬ್ ಮರಳುಗಾಡಿಗೆ. ಅಲ್ಲಿಂದ ಸಮುದ್ರಕ್ಕೆ. ಅಟ್ಲಾಂಟಿಕ್‌ನ ತಣ್ಣೀರಿನ ಪ್ರವಾಹ ಅಂತ ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದೀನಿ. ನಾನೇ ಮುಟ್ಟಿ ನೋಡಿಲ್ಲ.”

ನನ್ನ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆಂದೆ.

“ನೀನು ಬಂದ್ರೆ ನಾನು ರೋಗಿ ಆಗ್ತೀನಿ, ನೀನು ನರ್ಸ್ ಆಗ್ತೀಯ. ಬೇಡ. ನಂಗೆ ಲಾರಿನೇ ಬೇಕು, ಡೇರೆನೂ ಬೇಕು.”

ತಮಲಕಾನೆ ನದಿಯ ದಂಡೆಯಲ್ಲಿರುವ ಶಿಬಿರವೊಂದರಲ್ಲಿ ನಾನು ಅಡುಗೆಯವಳು. ಇಂಥ ಲಾರಿಗಳೆಲ್ಲ ತಂಗುವುದು ಅಲ್ಲೇ. ಆದ್ದರಿಂದ ಯಾವ ಕಂಪನಿಯಲ್ಲಿ ಹೋಗಬೇಕೆಂದು ವಿಚಾರಿಸುವ ಕೆಲಸ ನನ್ನ ತಲೆಗೇ ಬಂತು. ಆದರೆ ಅತ್ತೆ ಬಣ್ಣಬಣ್ಣದ ಕಾಗದಗಳನ್ನು ಓದಿ ಒಪ್ಪುವವಳಲ್ಲ. ಎಲ್ಲ ಕಡೆಗೂ ತಾನೇ ಬರುತ್ತೇನೆಂದು ಹೊರಟಳು.

ಮೊದಲು ವಿಮಾನ ನಿಲ್ದಾಣದ ರಸ್ತೆಯಲ್ಲಿರುವ ಗಾಜಿನ ಕಚೇರಿಗೆ ಹೋದೆವು. ಅಲ್ಲಿದ್ದ ಹುಡುಗಿ ತುಂಬ ಮರ್ಯಾದೆಯಿಂದ ನೀರು ಕೊಟ್ಟು, ಕುರ್ಚಿ ಎಳೆದು ಕೂರಿಸಿ, ಆಗುವುದಿಲ್ಲ ಅಂದಳು. ವಿಮೆಯವರು ಒಪ್ಪುವುದಿಲ್ಲವಂತೆ. ಅತ್ತೆ ನೀರು ಕುಡಿದು ಎದ್ದಳು.

ಎರಡನೆಯ ಕಂಪನಿಯವನು ಕಪ್ಪು ಕನ್ನಡಕ ಹಾಕಿದ್ದ ಎತ್ತರದ ಆಳು. ಅತ್ತೆ ಮಾತು ಮುಗಿಸುವ ಮೊದಲೇ, “ಏನೂ ತೊಂದ್ರೆ ಇಲ್ಲಮ್ಮ, ಎಲ್ಲಾ ಆಗತ್ತೆ, ನಮ್ಮ ಹುಡುಗ್ರು ಎತ್ಕೊಂಡು ಹೋಗ್ತಾರೆ” ಅಂದ. ನನಗೆ ಖುಷಿಯಾಯಿತು. ಹೊರಗೆ ಬಂದ ಮೇಲೆ ಅತ್ತೆ ಕೇಳಿದಳು: “ಅವನು ನನ್ನ ಕಾಲು ನೋಡಿದ್ನಾ?”

“ಕನ್ನಡಕ ಇತ್ತಲ್ಲ ಅತ್ತೆ, ಗೊತ್ತಾಗಲಿಲ್ಲ.”

“ನೋಡಲಿಲ್ಲ. ಎತ್ಕೊಂಡು ಹೋಗೋಕೆ ನಾನೇನು ಹಿಟ್ಟಿನ ಚೀಲವೇ?”

ಕೊನೆಗೆ ನಮ್ಮ ಶಿಬಿರಕ್ಕೇ ಬಂದೆವು. ಅಕೇಶಿಯ ಮರದಡಿ ಹಳದಿ ಬಣ್ಣದ ಹಳೆಯ ಲಾರಿಯೊಂದು ನಿಂತಿತ್ತು. ಅದರ ಅಡಿಯಿಂದ ಎರಡು ಪಾದ ಕಾಣುತ್ತಿದ್ದವು. ಅವು ದುಮಿಸಾನಿಯವು. ಬುಲವಾಯೊ ಕಡೆಯವನು; ಆ ಲಾರಿಯ ಚಾಲಕ, ಮಾರ್ಗದರ್ಶಿ ಎರಡೂ ಅವನೇ. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದವಳು ಕೌನಾ, ಪಕ್ಕದ ದೇಶ ನಮೀಬಿಯಾದವಳು, ಲಾರಿಯ ಅಡುಗೆಯವಳು. ನನಗೆ ಇಬ್ಬರ ಮುಖಪರಿಚಯ ಇತ್ತು.

ದುಮಿಸಾನಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಅತ್ತೆಯ ಮಾತನ್ನು ಪೂರ್ತಿ ಕೇಳಿಸಿಕೊಂಡ. ಅವಳ ಕಾಲನ್ನು ನೋಡಿದ, ಊರುಗೋಲುಗಳನ್ನು ನೋಡಿದ, ಆಮೇಲೆ ತನ್ನ ಲಾರಿಯ ಮೆಟ್ಟಿಲುಗಳನ್ನು ನೋಡಿದ.

“ಗೊತ್ತಿಲ್ಲ ಅಜ್ಜಿ,” ಅಂದ.

“ಅಜ್ಜಿ ಅನ್ಬೇಡ. ಟೀಚರ್ ಅನ್ನು. ಏನು ಗೊತ್ತಿಲ್ಲ?”

“ಆಗತ್ತೋ ಇಲ್ವೋ ಗೊತ್ತಿಲ್ಲ ಟೀಚರ್. ಈಗ್ಲೇ ಆಗತ್ತೆ ಅಂದ್ರೆ ಸುಳ್ಳು ಹೇಳ್ದಂಗಾಗತ್ತೆ. ನಾಳೆ ಹೇಳ್ಲಾ?”

ಅತ್ತೆ ಮನೆಗೆ ಹೋದಳು. ನಾನು ಅಡುಗೆಮನೆಗೆ ಹೋದೆ. ಮಧ್ಯಾಹ್ನ ಕಿಟಕಿಯಿಂದ ನೋಡುತ್ತೇನೆ, ದುಮಿಸಾನಿ ತನ್ನ ಬಲಗಾಲನ್ನು ಹಿಂದಕ್ಕೆ ಮಡಚಿ ಸಾಮಾನು ಬಿಗಿಯುವ ಪಟ್ಟಿಯಿಂದ ತೊಡೆಗೆ ಕಟ್ಟಿಕೊಂಡಿದ್ದಾನೆ. ಎಲ್ಲಿಂದಲೋ ಎರಡು ಕೋಲು ತಂದು ಬಗಲಿಗೆ ಕೊಟ್ಟುಕೊಂಡು ಲಾರಿ ಹತ್ತಲು ಹೆಣಗುತ್ತಿದ್ದಾನೆ. ಬಿದ್ದ. ಎದ್ದ. ಮತ್ತೆ ಬಿದ್ದ. ಕೌನಾ ಈರುಳ್ಳಿಯ ಕಣ್ಣೀರಿನ ಜೊತೆಗೆ ನಗುವಿನ ಕಣ್ಣೀರನ್ನೂ ಒರೆಸಿಕೊಳ್ಳುತ್ತ, “ಎಲ್ಲಾ ಸರಿ, ಆದ್ರೆ ಟೀಚರ್‌ಗೆ ನಿನ್ನಷ್ಟು ಹೊಟ್ಟೆ ಇಲ್ಲ,” ಅಂದಳು. ಅವನು ನಗಲಿಲ್ಲ. ನೆಲದ ಮೇಲೇ ಕೂತು ಬಹಳ ಹೊತ್ತು ಮೆಟ್ಟಿಲು ನೋಡಿದ. ಆಮೇಲೆ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈಯೂರಿ, ಒಂದೊಂದೇ ಮೆಟ್ಟಿಲು ಹಿಂದಕ್ಕೆ ಸರಿದು ಮೇಲೆ ಹೋದ. ಇಳಿದ. ಇನ್ನೊಮ್ಮೆ ಹೋದ. ನನ್ನ ಒಲೆಯ ಮೇಲಿದ್ದ ಮಾಂಸ ತಳ ಹಿಡಿಯಿತು. ಅದರ ವಾಸನೆ ಬರುವವರೆಗೆ ನಾನು ಕಿಟಕಿ ಬಿಟ್ಟು ಕದಲಿರಲಿಲ್ಲ.

ಮರುದಿನ ಬೆಳಿಗ್ಗೆ ಅವನೇ ಅತ್ತೆಯ ಮನೆಗೆ ಬಂದ. ಅಂಗೈ ತರಚಿಹೋಗಿತ್ತು. ಅತ್ತೆ ಚಹಾ ಕೊಟ್ಟಳು.

“ನಿಂತು ಹತ್ತಕ್ಕೆ ಆಗಲ್ಲ ಟೀಚರ್. ಬೆನ್ನು ಮಾಡಿ ಕೂತು ಸರಿದ್ರೆ ಆಗತ್ತೆ. ಕೆಳಗಿನ ಮೆಟ್ಟಿಲು ತೀರ ಎತ್ತರ, ಅದಕ್ಕೊಂದು ಪೆಟ್ಟಿಗೆ ಇಡ್ತೀನಿ.”

“ನನ್ನ ಡೇರೆ ಯಾರು ಹಾಕ್ತಾರೆ?”

“ನೀವೇ ಹಾಕ್ಬೇಕು. ನಮ್ಮಲ್ಲಿ ಅವರವರ ಡೇರೆ ಅವರವರೇ ಹಾಕೋದು. ಡೇರೆ ಕೋಲು ಹಿಡಿಯೋಕೆ ಕೌನಾ ಬರ್ತಾಳೆ.”

“ದೊಡ್ಡ ಮರಳು ದಿಬ್ಬ ಹತ್ತಬಹುದಾ?”

“ಅದು ಗೊತ್ತಿಲ್ಲ. ಅಲ್ಲಿಗೆ ಹೋದ್ಮೇಲೆ ನೋಡೋಣ. ಆಗಲ್ಲ ಅಂದ್ರೆ ಆಗಲ್ಲ ಅಂತೀನಿ. ಬೇಜಾರು ಮಾಡ್ಕೋಬಾರ್ದು.”

ಅವನು ಹೋದ ಮೇಲೆ ನಾನು ಗೊಣಗಿದೆ. “ಏನತ್ತೆ ಇದು, ಅವನು ಎಲ್ಲದಕ್ಕೂ ಗೊತ್ತಿಲ್ಲ ಅಂತಾನೆ.”

“ಇಡೀ ಮಾವುನ್‌ನಲ್ಲಿ ನನ್ನ ಕಾಲಿನ ಬಗ್ಗೆ ಗೊತ್ತಿಲ್ಲ ಅಂದೋನು ಅವನೊಬ್ಬನೇ ಕಣೇ. ಮಿಕ್ಕೋರಿಗೆಲ್ಲ ಎಲ್ಲಾ ಗೊತ್ತು. ನಾನು ಇವನ ಜೊತೆನೇ ಹೋಗೋದು.”

ಹೊರಟ ದಿನ ಅತ್ತೆ ಬೆನ್ನು ಮಾಡಿ ಕೂತು ಲಾರಿ ಹತ್ತಿದಳು. ಕೈ ಕೊಡಲು ಬಂದ ಹುಡುಗರನ್ನು ದುಮಿಸಾನಿ ಕಣ್ಣಲ್ಲೇ ತಡೆದ. ಕಿಟಕಿಯ ಪಕ್ಕ ಕೂತವಳು ಊರ ದಾರಿಯುದ್ದಕ್ಕೂ ಕಂಡ ಕಂಡವರಿಗೆಲ್ಲ ಕೈ ಬೀಸಿದಳು, ಕತ್ತೆಗಳಿಗೂ ಬೀಸಿದಳು ಎಂದು ಆಮೇಲೆ ಕೌನಾ ಹೇಳಿದಳು.

ಮುಂದಿನದೆಲ್ಲ ನನಗೆ ಗೊತ್ತಾದದ್ದು ಅತ್ತೆ, ಕೌನಾ ಇಬ್ಬರ ಬಾಯಿಂದ. ಮೊದಲ ರಾತ್ರಿ ಅತ್ತೆಯ ಡೇರೆ ಎದ್ದು ನಿಲ್ಲುವಷ್ಟರಲ್ಲಿ ಎಲ್ಲರ ಊಟವೂ ಆಗಿಹೋಗಿತ್ತು. ಕೌನಾ ಕೋಲು ಹಿಡಿದು ನಿಂತಳೇ ಹೊರತು ಒಂದು ಹಗ್ಗವನ್ನೂ ಮುಟ್ಟಲಿಲ್ಲ. ಒಂದು ವಾರ ಕಳೆಯುವುದರಲ್ಲಿ ಅತ್ತೆ ತನ್ನ ಡೇರೆ ಹಾಕಿ ಮುಗಿಸಿ, ಪಕ್ಕದವರ ಗೂಟ ಸಡಿಲವಾಗಿದೆಯೆಂದು ಬೈಯುವ ಮಟ್ಟಕ್ಕೆ ಬಂದಿದ್ದಳು.

ನಮೀಬ್‌ನ ದಿಬ್ಬದ ಬುಡಕ್ಕೆ ಅವರು ತಲುಪಿದಾಗ ಇನ್ನೂ ಬೆಳಕು ಹರಿದಿರಲಿಲ್ಲ. ಉಳಿದವರೆಲ್ಲ ಸೂರ್ಯೋದಯ ನೋಡಲು ಏರತೊಡಗಿದರು. ದುಮಿಸಾನಿ ಅತ್ತೆಯ ಊರುಗೋಲು ತೆಗೆದುಕೊಂಡು ಮರಳಿಗೆ ಚುಚ್ಚಿದ. ಅದು ಅರ್ಧಕ್ಕಿಂತ ಹೆಚ್ಚು ಒಳಗಿಳಿಯಿತು.

“ಇದರಲ್ಲಿ ಆಗಲ್ಲ ಟೀಚರ್.”

ಅತ್ತೆ ದಿಬ್ಬಕ್ಕೆ ಬೆನ್ನು ಮಾಡಿ ಕೂತಳು. ಎರಡೂ ಕೈಯೂರಿ ಒಂದು ಸಲ ಹಿಂದಕ್ಕೆ ಸರಿದು ಅವನ ಮುಖ ನೋಡಿದಳು. ಅವನು ಚಪ್ಪಲಿ ಕಳಚಿಟ್ಟು ಅವಳ ಪಕ್ಕ ಹಾಗೇ ಬೆನ್ನು ಮಾಡಿ ಕೂತ.

ಇಬ್ಬರೂ ಹಿಂದು ಹಿಂದಕ್ಕೆ ಏರಿದರು. ಮಿಕ್ಕವರು ಮುಖ ಮರಳಿಗೆ ಮಾಡಿ, ಮುಂದಿನವರ ಹಿಮ್ಮಡಿ ನೋಡಿಕೊಂಡು ಹತ್ತುತ್ತಿದ್ದರೆ, ಇವರ ಕಣ್ಣೆದುರಿಗೆ ಇಡೀ ಬಯಲು ಬಿಚ್ಚಿಕೊಳ್ಳುತ್ತ ಹೋಯಿತು. ಒಂದೊಂದು ಸಲ ಸರಿದಾಗಲೂ ಇನ್ನೊಂದು ದಿಬ್ಬ ಕಾಣುತ್ತಿತ್ತು. ಮೊದಲು ಬೂದು, ಆಮೇಲೆ ಕಿತ್ತಳೆ, ಆಮೇಲೆ ಕೆಂಪು. ಗಾಳಿ ಯಾವ ಕಡೆಯಿಂದ ಬೀಸಿ ಯಾವ ದಿಬ್ಬ ಕಟ್ಟಿತೆಂದು ಅತ್ತೆ ಹೇಳುತ್ತಿದ್ದಳು. ಅವನು ಅದೇ ದಾರಿಯಲ್ಲಿ ಎಷ್ಟೋ ಸಲ ಓಡಾಡಿದವನು, ಆದರೂ ಪಾಠ ಕೇಳುವ ಹುಡುಗನಂತೆ ಹೂಂಗುಟ್ಟುತ್ತಿದ್ದ.

ತುದಿಯ ಮೇಲಿನವರ ಮಾತು ಕೇಳುವಷ್ಟು ಹತ್ತಿರ ಬಂದಾಗ ದುಮಿಸಾನಿ ಮರಳಿನ ಮೇಲೆ ಅಂಗೈ ಇಟ್ಟು ನೋಡಿದ.

“ಸಾಕು ಟೀಚರ್. ಮರಳು ಕಾಯ್ತಾ ಇದೆ. ನಿಮ್ಮ ಕೈ ಸುಟ್ಟುಹೋಗತ್ತೆ. ಇಳಿಯೋಣ.”

ಮೇಲಿನಿಂದ ಹುಡುಗರು ಇನ್ನೊಂಚೂರು, ಇನ್ನೊಂಚೂರು ಎಂದು ಕೂಗುತ್ತಿದ್ದರು. ಅತ್ತೆ ಎದುರಾಡದೆ ಇಳಿಯತೊಡಗಿದಳು.

“ಅಷ್ಟು ಹತ್ತಿರ ಹೋಗಿ ಬಂದ್ಯಲ್ಲ, ಹೊಟ್ಟೆ ಉರೀಲಿಲ್ವಾ?” ಎಂದು ನಾನು ಕೇಳಿದ್ದುಂಟು.

“ಉರೀತು,” ಅಂದಳು ಅತ್ತೆ. “ಆದ್ರೆ ಗೊತ್ತಿಲ್ಲದಾಗ ಗೊತ್ತಿಲ್ಲ ಅಂದ ಮನುಷ್ಯ ಸಾಕು ಅಂದ್ರೆ ಸಾಕು. ಕೆಳಗೆ ಬಂದು ನೋಡಿದ್ರೆ ಅವನ ಅಂಗೈಲಿ ಆಗ್ಲೇ ಬೊಬ್ಬೆ ಎದ್ದಿತ್ತು. ನನ್ನದ್ರಲ್ಲಿ ಇರ್ಲಿಲ್ಲ. ದಾರಿಯುದ್ದಕ್ಕೂ ತನ್ನ ಟೋಪಿನ ನನ್ನ ಕೈ ಕೆಳಗೆ ಸೇರಿಸ್ತಾ ಬಂದಿದ್ದ. ನಾನು ಪಾಠ ಹೇಳೋ ಗಲಾಟೆಲಿ ನೋಡೇ ಇರ್ಲಿಲ್ಲ.”

ಕಡಲತೀರದ ಊರು ಸ್ವಾಕೊಪ್ಮುಂಡ್‌ನಲ್ಲಿ ಮಂಜು ಮುಸುಕಿತ್ತಂತೆ, ಸಮುದ್ರ ಕಾಣುವ ಮೊದಲು ಕೇಳಿಸಿತಂತೆ. ಕೌನಾ ಅತ್ತೆಯನ್ನು ಒದ್ದೆ ಮರಳಿನ ತನಕ ಕರೆದೊಯ್ದಳು. ಅಲ್ಲೇ ಕೂತ ಅತ್ತೆ ಅಲೆ ಬಂದಾಗ ತೋಳು ಮುಳುಗುವಷ್ಟು ಕೈಯಿಟ್ಟು, ಬೆರಳು ಮರಗಟ್ಟಿದರೂ ತೆಗೆಯಲಿಲ್ಲ. “ಪರೀಕ್ಷೆಲಿ ತಣ್ಣೀರು ಅಂತ ಬರೀದೇ ಇದ್ದೋರಿಗೆಲ್ಲ ಅಂಕ ಕಳೆದಿದ್ದೆ. ಸರಿಯಾಗೇ ಕಳೆದಿದ್ದೆ,” ಅಂದಳಂತೆ.

ಲಾರಿ ವಾಪಸು ಬಂದ ಮಧ್ಯಾಹ್ನ ನಾನು ಕಾರು ತೆಗೆದುಕೊಂಡು ಶಿಬಿರದ ಬಾಗಿಲಲ್ಲೇ ಕಾಯುತ್ತಿದ್ದೆ. ಅತ್ತೆ ಕಪ್ಪಗಾಗಿದ್ದಳು, ತೆಳ್ಳಗಾಗಿದ್ದಳು, ಗಂಟಲು ಕಟ್ಟಿತ್ತು. ನನ್ನನ್ನು ನೋಡಿ ತಲೆಯಾಡಿಸಿದಳು, ಅಷ್ಟೇ. ಊಟವಾದ ಮೇಲೆ ಅವಳೊಂದು ಮಡಚುವ ಕುರ್ಚಿಯ ಮೇಲೆ ಕೂತು, ತೊಳೆದ ತಟ್ಟೆಗಳನ್ನು ಎರಡು ಕೈಯಲ್ಲೂ ಹಿಡಿದು ಗಾಳಿಯಲ್ಲಿ ಬೀಸಿ ಒಣಗಿಸುತ್ತಿದ್ದಳು. ಲಾರಿಯವರಿಗೆ ಒರೆಸುವ ಬಟ್ಟೆಯ ಬಳಕೆ ಇಲ್ಲ. ಎದುರಿಗಿದ್ದ ಎತ್ತರದ ಡೆನ್ಮಾರ್ಕ್ ಯುವಕನೊಬ್ಬ ಸೋಮಾರಿಯಾಗಿ ಬೀಸುತ್ತಿದ್ದುದಕ್ಕೆ ಅವಳಿಂದ ಬೈಸಿಕೊಳ್ಳುತ್ತಿದ್ದ. ದುಮಿಸಾನಿ ಆಗಲೇ ಲಾರಿಯ ಅಡಿ ಸೇರಿದ್ದ.

“ಹೊರಡೋಣ್ವಾ ಅತ್ತೆ?”

“ಇವತ್ತು ನನ್ನ ಸರದಿ. ಇನ್ನೂ ಲೋಟಗಳಿವೆ. ಅವಸರ ಇದ್ರೆ ನೀನೂ ಎರಡು ತಗೋ.”

ನಾನು ಕಾರಿನ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಎರಡು ಲೋಟ ಎತ್ತಿಕೊಂಡೆ.