ಬಾಗಿಲ ತನಕ ಬಂದ ಹೆಜ್ಜೆ

ಆ ಚಿತ್ರ ನೋಡಿ ಹೊರಬಂದವರು ಥಿಯೇಟರಿನ ಮೆಟ್ಟಿಲ ಮೇಲೇ ಎರಡು ಪಂಗಡವಾಗುತ್ತಿದ್ದರು. ಗ್ಯಾಂಗ್‌ಸ್ಟರ್ ಸತ್ತ ಎನ್ನುವವರು ಒಂದು ಕಡೆ, ಸತ್ತಿಲ್ಲ ಎನ್ನುವವರು ಇನ್ನೊಂದು ಕಡೆ. ತಲೆಬುಡ ಇಲ್ಲದ ಕಥೆ, ನಿರ್ದೇಶಕನಿಗೆ ತಲೆ ಕೆಟ್ಟಿದೆ ಎಂದು ಬೈದುಕೊಂಡು ಬಸ್ಸು ಹಿಡಿಯುವವರೂ ಇದ್ದರು. ಅವರನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ, ಮರುವಾರ ಅವರೇ ಇನ್ನೊಂದು ಸಲ ಸಾಲಿನಲ್ಲಿ ನಿಂತಿರುತ್ತಿದ್ದರು.

ಕಥೆಯೂ ಹಾಗೇ ಇತ್ತೆನ್ನಿ. ಮೊದಲ ದೃಶ್ಯದಲ್ಲಿ ಗುಂಡೇಟು ತಿಂದವನು ಮೂರನೆಯದರಲ್ಲಿ ಕಾಲು ಚಾಚಿಕೊಂಡು ಇಸ್ಪೀಟು ಆಡುತ್ತಿದ್ದ. ಹಿಂದಿನದು ಮುಂದೆ, ಮುಂದಿನದು ಹಿಂದೆ. ಕಡೆಗೆ ಗೋದಾಮಿನಲ್ಲಿ ಅವನ ಕಡೆಯವರೇ ಅವನ ಮೇಲೆ ಗುಂಡು ಹಾರಿಸುತ್ತಾರೆ, ಹೆಣ ಮಾತ್ರ ತೋರಿಸುವುದಿಲ್ಲ. ಆಮೇಲೆ ಒಂದು ಅಡುಗೆಮನೆ, ಅವನ ಹೆಂಡತಿ, ತೊಟ್ಟಿಕ್ಕುವ ನಲ್ಲಿ, ಮುಚ್ಚಿದ ಬಾಗಿಲು. ಪರದೆ ಕತ್ತಲಾಗುತ್ತದೆ. ಆ ಕತ್ತಲಲ್ಲಿ ಯಾರೋ ಕಾರಿಡಾರಿನಲ್ಲಿ ನಡೆದು ಬರುವ ಸದ್ದು. ಎಡಗಾಲು ಚೂರು ಎಳೆಯುತ್ತದೆ. ಇನ್ನೇನು ಬಾಗಿಲು ಬಂತು ಅನ್ನುವಾಗ ಹೆಜ್ಜೆ ನಿಲ್ಲುತ್ತದೆ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೈಭಾರ ಬದಲಾಗುತ್ತದೆ. ಅಷ್ಟೇ, ಚಿತ್ರ ಮುಗಿಯಿತು.

ಆ ಹೆಜ್ಜೆ ಯಾರದು? ಸತ್ತವನದೇ, ಬದುಕಿ ಬಂದವನದೇ, ಹೆಂಡತಿಯನ್ನೂ ಮುಗಿಸಲು ಬಂದ ಇನ್ನೊಬ್ಬನದೇ? ಊರೆಲ್ಲ ಇದೇ ಜಗಳ. ಉತ್ತರ ಗೊತ್ತಿದ್ದವಳು ಒಬ್ಬಳೇ, ಅವಳು ತುಟಿ ಬಿಚ್ಚುತ್ತಿರಲಿಲ್ಲ.

ಸ್ಟುಡಿಯೋದಲ್ಲಿ ಅವಳನ್ನು ಎಲ್ಲರೂ ಹೆಜ್ಜೆ ಅಕ್ಕ ಎಂದೇ ಕರೆಯುತ್ತಿದ್ದುದು. ಚಿತ್ರೀಕರಣದಲ್ಲಿ ನಟರ ಕಾಲಸದ್ದು ಸರಿಯಾಗಿ ಸಿಗುವುದಿಲ್ಲ. ಆಮೇಲೆ ಮುಚ್ಚಿದ ಕೋಣೆಯಲ್ಲಿ ಯಾರಾದರೂ ಪರದೆ ನೋಡುತ್ತ, ಅಂಥದೇ ಶೂ ಹಾಕಿಕೊಂಡು, ಅದೇ ತಾಳಕ್ಕೆ ಹೆಜ್ಜೆ ಹಾಕಬೇಕು. ಅದು ಅವಳ ಕೆಲಸ. ಮದುಮಗಳಾಗಿ ನಡೆದಿದ್ದಾಳೆ, ಜಡ್ಜ್ ಆಗಿ ನಡೆದಿದ್ದಾಳೆ, ಒಂದು ಸಲ ಎರಡು ಕರಟ ಹಿಡಿದುಕೊಂಡು ಇಡೀ ಕುದುರೆ ಲಾಯವೇ ಆಗಿದ್ದಾಳೆ. ಮನೆಯಲ್ಲಿ ಮಾತ್ರ ಇದನ್ನೆಲ್ಲ ಬಿಡಿಸಿ ಹೇಳಿರಲಿಲ್ಲ. ಹೆಂಗಸು ಗಂಡಸರ ಬೂಟು ತೊಟ್ಟು ಕುಣಿಯುವುದಕ್ಕೆ ಸಂಬಳ ಕೊಡುತ್ತಾರೆ ಎಂದರೆ ಅತ್ತೆ ನಂಬುವ ಪೈಕಿಯಲ್ಲ. "ಸೌಂಡ್ ಕೆಲಸ ಅತ್ತೆ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದಳು.

ಮನೆಯಲ್ಲಿ ಇದ್ದದ್ದು ಇಬ್ಬರೇ. ಮೂರನೆಯವನು, ಅಂದರೆ ಅತ್ತೆಯ ಮಗ, ಅವಳ ಗಂಡ, ಏಳು ವರ್ಷದ ಹಿಂದೆ ಒಂದು ಮಧ್ಯಾಹ್ನ ಮನೆಯಿಂದ ಹೊರಟವನು ತಿರುಗಿ ಬಂದಿರಲಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿದ್ದ. ಕಾಗದದ ಬಂಡಲ್ ಬಿದ್ದು ಎಡಪಾದ ಜಖಂ ಆಗಿತ್ತು, ಅಂದಿನಿಂದ ಆ ಕಾಲು ಎಳೆಯುತ್ತಿತ್ತು. ಜಗಳವಿಲ್ಲ, ಸಾಲವಿಲ್ಲ, ಒಂದು ಚೀಟಿಯೂ ಇಲ್ಲ. ಆ ಹೊತ್ತಿಗೆ ಅವಳು ಸ್ಟುಡಿಯೋದಲ್ಲಿದ್ದಳು, ಅತ್ತೆ ಊಟ ಮಾಡಿ ಮಲಗಿದ್ದಳು. ಅವನು ಹೋದದ್ದನ್ನು ಯಾರೂ ನೋಡಲಿಲ್ಲ, ಯಾರೂ ಕೇಳಿಸಿಕೊಳ್ಳಲೂ ಇಲ್ಲ. ರಬ್ಬರ್ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ, ಶೂ ಮಂಚದ ಕೆಳಗೇ ಇತ್ತು. ಪೊಲೀಸರು ಫೋಟೋ ಇಸಿದುಕೊಂಡರು, ಆಸ್ಪತ್ರೆ ಶವಾಗಾರಗಳನ್ನೆಲ್ಲ ತೋರಿಸಿದರು, ಆಮೇಲೆ ಅವರೂ ಕೈಚೆಲ್ಲಿದರು. ಅತ್ತೆ ಮಾತ್ರ ಕೈಚೆಲ್ಲಲಿಲ್ಲ. "ಶೂ ಬಿಟ್ಟು ಹೋದೋನು ದೂರ ಹೋಗಿರಲ್ಲ ಕಣೇ" ಎನ್ನುತ್ತ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಕಣ್ಣು ಮಬ್ಬಾದ ಮೇಲೆ ಕಿವಿಯಲ್ಲಿ ಕಾದಳು.

ಈಗ ಅವರ ಮನೆಯಿದ್ದ ಕಟ್ಟಡವನ್ನೇ ಕೆಡವಲು ಹೊರಟಿದ್ದರು. ಬಾಡಿಗೆಯವರೆಲ್ಲ ಒಬ್ಬೊಬ್ಬರಾಗಿ ಖಾಲಿ ಮಾಡುತ್ತಿದ್ದರು. ಜಪ್ಪಯ್ಯ ಅಂದರೂ ಕದಲದಿದ್ದ ಅತ್ತೆ, ಸೊಸೆ ತಿಂಗಳುಗಟ್ಟಲೆ ಗೋಗರೆದ ಮೇಲೆ, ಒಂದು ದಿನ "ಆಯ್ತು ಬಿಡು, ಹೋಗೋಣ" ಎಂದಿದ್ದಳು. ಮರುದಿನ ಬೆಳಗ್ಗೆ ಸೊಸೆ ಸಾಮಾನು ಕಟ್ಟಲು ಕೂತಾಗ ಮಂಚದ ಕೆಳಗೆ ಆ ಶೂ ಕೈಗೆ ಸಿಕ್ಕಿತು. ಕಸಕ್ಕೆ ಹಾಕಲು ಮನಸ್ಸು ಬರಲಿಲ್ಲ, ಹೊಸ ಮನೆಗೆ ಒಯ್ಯಲು ಧೈರ್ಯ ಬರಲಿಲ್ಲ. ಸ್ಟುಡಿಯೋದ ಶೂ ಪೆಟ್ಟಿಗೆಯಲ್ಲಿ ಇನ್ನೊಂದು ಜೊತೆಯಾಗಿ ಬಿದ್ದಿರಲಿ ಎಂದು ಚೀಲದಲ್ಲಿ ಹಾಕಿಕೊಂಡು ಹೋದಳು.

ಅಂದು ನಡೆಯುತ್ತಿದ್ದುದು ಆ ಗ್ಯಾಂಗ್‌ಸ್ಟರ್ ಚಿತ್ರದ ಕಡೆಯ ದೃಶ್ಯ. ನಿರ್ದೇಶಕ ಕೇಳಿದ್ದು ನಲ್ಲಿಯ ಹನಿ, ಆಮೇಲೆ ಕತ್ತಲು, ಮೌನ, ಅಷ್ಟೇ. ನಲ್ಲಿಯ ಹನಿ ಮುಗಿಯಿತು. ಅವಳು ಪರದೆಯ ಮೇಲಿನ ಆ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತಳು. ಅಡುಗೆಮನೆಯಲ್ಲಿ ಕೈ ಒದ್ದೆ ಮಾಡಿಕೊಂಡು ಬಾಗಿಲ ಕಡೆ ಕಿವಿಗೊಟ್ಟ ಆ ಹೆಂಗಸು ಪರದೆಯ ಮೇಲಿನವಳಾಗಿ ಉಳಿಯಲಿಲ್ಲ. ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಗಂಡನ ಶೂ ಏರಿಸಿ, ಸಿಮೆಂಟ್ ಚಪ್ಪಡಿಯ ಮೇಲೆ ಅವನ ಹಾಗೆ ನಡೆದಳು. ಅಲ್ಲಿ ಸದ್ದಿಗೆಂದು ನಿಲ್ಲಿಸಿದ್ದ ಬಾಗಿಲ ಹತ್ತಿರ ಬಂದು ಅವನ ಹಾಗೇ ನಿಂತಳು. ಅವನಿಗೆ ಅದೊಂದು ಅಭ್ಯಾಸ: ಅಮ್ಮ ಬಾಗಿಲು ತೆಗೆಯುತ್ತಾಳೆಂದು ಗೊತ್ತಿದ್ದರೂ ನಿಂತು ಜೇಬಿನಲ್ಲಿ ಕೀ ತಡಕುವುದು. ಗಾಜಿನ ಆಚೆ ಕೂತ ಸೌಂಡ್ ಎಂಜಿನಿಯರ್ ಯಂತ್ರ ನಿಲ್ಲಿಸುವುದನ್ನು ಮರೆತಿದ್ದ.

ನಿರ್ದೇಶಕ ಆ ರೆಕಾರ್ಡಿಂಗ್ ಕೇಳಿದವನೇ ಕುರ್ಚಿಯಿಂದ ಎದ್ದ.

"ಯಾರದ್ದಿದು?"

"ಸುಮ್ನೆ ನಡೆದೆ ಸರ್. ತೆಗೆದುಬಿಡಿ."

"ತೆಗೆಯೋದಾ! ಯಾರದ್ದು ಅಂತ ನಂಗೂ ಹೇಳ್ಬೇಡಿ. ಗೊತ್ತಾದ್ರೆ ನಾನೇ ಎಲ್ಲಾದ್ರೂ ಬಾಯಿಬಿಟ್ಟುಬಿಡ್ತೀನಿ."

ಹೀಗೆ ಆ ಹೆಜ್ಜೆ ಉಳಿಯಿತು. ಅವಳೂ ಹಠ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಒಳಗೊಳಗೇ ಹಿತವಾಗಿತ್ತು. ಏಳು ವರ್ಷದ ಮೇಲೆ ಅವನು ಬಾಗಿಲ ತನಕ ಬಂದಿದ್ದ.

ಚಿತ್ರ ಬಿಡುಗಡೆಯಾದಾಗ ಹೊಸ ಮನೆ ಇನ್ನೂ ಕೈಗೆ ಬಂದಿರಲಿಲ್ಲ. ಸೊಸೆ ಕೆಲಸ ಮಾಡಿದ ಚಿತ್ರವೆಂದು ಪಕ್ಕದ ಮನೆಯ ದರ್ಜಿಯಮ್ಮ ಅತ್ತೆಯನ್ನು ಕರೆದುಕೊಂಡು ಹೋದದ್ದು ಒಂದು ಭಾನುವಾರ. ಸಂಜೆ ಸೊಸೆ ಅಂಗಡಿಯಿಂದ ಬಂದಾಗ ಕಟ್ಟಿಟ್ಟ ಗಂಟುಗಳೆಲ್ಲ ಬಿಚ್ಚಿ ಹರಡಿದ್ದವು. ಅವನ ಅಂಗಿಗಳು ಮತ್ತೆ ಗೂಟಕ್ಕೆ ಏರಿದ್ದವು.

"ನಾನು ಎಲ್ಲೂ ಬರಲ್ಲ" ಎಂದಳು ಅತ್ತೆ. ಮುಖ ಕೆಂಪಗಾಗಿ, ಹತ್ತು ವರ್ಷ ಚಿಕ್ಕವಳಾದ ಹಾಗಿದ್ದಳು. "ಅವನು ಇದ್ದಾನೆ. ನನ್ನ ಕಿವಿಯಾರೆ ಕೇಳ್ದೆ."

"ಅತ್ತೆ, ಅದು ಸಿನಿಮಾ."

"ಸಿನಿಮಾ ಅಂತ ನಂಗೂ ಗೊತ್ತು, ನಾನೇನು ದಡ್ಡೀನಾ? ಬಂದೂಕು ಸುಳ್ಳು, ರಕ್ತ ಸುಳ್ಳು. ಆದ್ರೆ ಸದ್ದು ನೀವೆಲ್ಲ ಎಲ್ಲಿಂದಲೋ ಹಿಡ್ಕೊಂಡು ಬರ್ತೀರಲ್ಲ? ಅದನ್ನ ಹಿಡ್ದಿದ್ದು ಯಾವ ಊರಲ್ಲಿ? ಆ ಕಾರಿಡಾರ್ ಎಲ್ಲಿದೆ? ಅದು ಹೇಳು, ನಾನೇ ಹೋಗಿ ಕರ್ಕೊಂಡು ಬರ್ತೀನಿ."

ಸೊಸೆ ಹರಡಿದ್ದ ಬಟ್ಟೆ ಮಡಚತೊಡಗಿದಳು. ಆ ಕಾರಿಡಾರ್ ಎಂದರೆ ತಾನೇ ಎಂದು ಹೇಗೆ ಹೇಳುವುದು? ಹೇಳಿದರೆ ಈ ಮುಖದ ಕೆಂಪನ್ನು ತನ್ನ ಕೈಯಾರೆ ಒರೆಸಿ ಹಾಕಿದ ಹಾಗೆ. "ನಂಗೆ ಗೊತ್ತಿಲ್ಲ ಅತ್ತೆ" ಎಂದಳು.

"ನಿಂಗೆ ಹೇಗೆ ಗೊತ್ತಿರುತ್ತೆ? ನೀನು ಅವನನ್ನ ಯಾವತ್ತೋ ಮರೆತಾಯ್ತು" ಎಂದಳು ಅತ್ತೆ.

ಅಂದಿನಿಂದ ಮನೆಯಲ್ಲಿ ಮೂರನೆಯವನ ವಾಸ ಶುರುವಾಯಿತು. ಅತ್ತೆ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತಳು. ಮೂರು ತಟ್ಟೆ ಹಾಕಿಸುತ್ತಿದ್ದಳು, ತನ್ನದರಲ್ಲಿ ಎರಡು ತುತ್ತು ಎತ್ತಿ ಉಳಿದದ್ದನ್ನು ಮುಚ್ಚಿಡುತ್ತಿದ್ದಳು. ಕಟ್ಟಡ ಬರಿದಾಗುತ್ತ ಬಂದ ಹಾಗೆ ಕಾರಿಡಾರಿನಲ್ಲಿ ಸದ್ದುಗಳು ದೊಡ್ಡವಾದವು. ಯಾರೋ ಮಂಚ ಇಳಿಸಿದರೆ ಅತ್ತೆ ಎದ್ದು ನಿಲ್ಲುತ್ತಿದ್ದಳು. ದರ್ಜಿಯಮ್ಮನೂ ಹೊಲಿಗೆ ಯಂತ್ರ ಹೊರಿಸಿಕೊಂಡು ಹೋದಳು. ಮೇಲಿನ ಮಹಡಿಯಲ್ಲಿ ಕಿಟಕಿ ಕೀಳುವವರು ಬಂದಿದ್ದರು, ತಿಂಗಳ ಕಡೆಗೆ ನೀರೂ ನಿಲ್ಲುತ್ತದೆ ಎಂದು ಮಾಲೀಕ ಹೇಳಿ ಕಳಿಸಿದ. ಅತ್ತೆ ಕೇಳಿಸಿಕೊಳ್ಳಲೇ ಇಲ್ಲ. ದಿನದಿಂದ ದಿನಕ್ಕೆ ಅವಳ ಕೈಬಳೆ ಸಡಿಲವಾಗುತ್ತಿತ್ತು.

ಒಂದು ಸಂಜೆ ಸೊಸೆ ಪಾತ್ರೆ ತೊಳೆಯುತ್ತಿದ್ದಾಗ ಸದ್ದು ಕೇಳಿಸಿತು. ಎಡಗಾಲು ಎಳೆಯುವ ಹೆಜ್ಜೆ. ಬಂತು, ಬಾಗಿಲ ಹತ್ತಿರ ನಿಂತಿತು. ಅವಳು ಒದ್ದೆ ಕೈಯಲ್ಲೇ ಓಡಿಹೋಗಿ ಬಾಗಿಲು ತೆಗೆದಳು. ಕಾರಿಡಾರ್ ಉದ್ದಕ್ಕೂ ಖಾಲಿ. ಗೋಡೆಯ ಸುಣ್ಣ ಉದುರಿ ನೆಲವೆಲ್ಲ ಬೆಳ್ಳಗಿತ್ತು, ಆ ಬಿಳಿಯಲ್ಲಿ ಒಂದು ಹೆಜ್ಜೆಗುರುತೂ ಇರಲಿಲ್ಲ. ತಿರುಗಿ ನೋಡಿದರೆ ಅತ್ತೆ ಕುರ್ಚಿಯಲ್ಲೇ ತೂಕಡಿಸುತ್ತಿದ್ದಳು. ಅತ್ತೆಗೆ ಏನೂ ಕೇಳಿಸಿರಲಿಲ್ಲ. ಸೊಸೆಗೆ ನಿಜಕ್ಕೂ ಭಯವಾದದ್ದು ಆಗ. ಹೀಗೇ ಬಿಟ್ಟರೆ ಈ ಬಾಗಿಲು ಇಬ್ಬರನ್ನೂ ನುಂಗುತ್ತದೆ ಎನಿಸಿತು.

ಮರುದಿನ ಬೆಳಗ್ಗೆ ಅತ್ತೆಯ ಮುಂದೆ ಕೂತು, "ಆ ಕಾರಿಡಾರ್ ತೋರಿಸ್ತೀನಿ ಬನ್ನಿ" ಎಂದಳು. ಅತ್ತೆ ತಲೆ ಬಾಚಿಕೊಂಡು, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೊರಟಳು. ಬಸ್ಸಿನಲ್ಲಿ ಒಂದೇ ಸಲ ಬಾಯಿ ತೆರೆದಳು. "ಸಣ್ಣಗಾಗಿರ್ತಾನೆ, ಅಲ್ವಾ?" ಸೊಸೆ ಕಿಟಕಿಯ ಕಡೆ ತಿರುಗಿಕೊಂಡಳು.

ಸ್ಟುಡಿಯೋದ ಆ ಕೋಣೆಗೆ ಕಿಟಕಿ ಇರಲಿಲ್ಲ. ನೆಲದಲ್ಲಿ ಒಂದು ಕಡೆ ಜಲ್ಲಿ ತುಂಬಿದ ತೊಟ್ಟಿ, ಒಂದು ಕಡೆ ಮರಳು, ಹಲಗೆ, ಸಿಮೆಂಟ್ ಚಪ್ಪಡಿ. ನಡುವೆ ಚೌಕಟ್ಟು ಸಮೇತ ಒಂದು ಬಾಗಿಲು, ಹಿಂದೆ ಮುಂದೆ ಗೋಡೆಯೇ ಇಲ್ಲದೆ ನಿಂತಿತ್ತು. ಅತ್ತೆ ಅದನ್ನು ಮುಟ್ಟಿ ನೋಡಿದಳು, ಸುತ್ತು ಬಂದಳು.

"ಎಲ್ಲಿದ್ದಾನೆ?"

"ಕೂತ್ಕೊಳ್ಳಿ ಅತ್ತೆ. ಕಣ್ಣು ಮುಚ್ಚಿ."

ಶೂ ಹಾಕಿಕೊಂಡಳು. ಚಪ್ಪಡಿಯ ಆ ತುದಿಯಿಂದ ಎಡಗಾಲು ಎಳೆಯುತ್ತ ನಡೆದು ಬಂದಳು. ಬಾಗಿಲ ಮುಂದೆ ನಿಂತಳು, ಮೈಭಾರ ಬದಲಾಯಿಸಿದಳು. ಅತ್ತೆಯ ಎರಡೂ ಕೈ ತಾವಾಗಿ ಚಿಲಕ ತೆಗೆಯಲು ಮೇಲೆದ್ದವು. ಆಮೇಲೆ ಕಣ್ಣು ತೆರೆದಳು. ಸೊಸೆಯ ಕಾಲಲ್ಲಿ ಮಗನ ಶೂ ಕಂಡಿತು.

ಅವಳು ಬಾಗಿ ಆ ಶೂ ಮುಟ್ಟಿ ನೋಡಿದಳು. "ನನ್ನ ಮಗನ್ನ ಆಟ ಮಾಡ್ಕೊಂಡ್ಯಾ? ಊರೋರೆಲ್ಲ ನೋಡ್ಲಿ ಅಂತ ಕುಣಿಸಿದ್ಯಾ?"

ಸೊಸೆ ತಲೆ ತಗ್ಗಿಸಿ ನಿಂತಳು. ಹೊಡೆದರೂ ಹೊಡೆಸಿಕೊಳ್ಳುವುದೆಂದು ಮನೆಯಿಂದಲೇ ತೀರ್ಮಾನಿಸಿ ಬಂದಿದ್ದಳು. ಆದರೆ ಅತ್ತೆ ಇನ್ನೇನನ್ನೋ ಯೋಚಿಸುತ್ತಿದ್ದಳು.

"ಅವನು ಬಾಗಿಲ ಹತ್ರ ನಿಂತು ಕೀ ತಡಕ್ತಿದ್ದ. ಅದು ನಂಗೊಬ್ಬಳಿಗೇ ಗೊತ್ತಿತ್ತು, ಬಾಗಿಲು ತೆಗೀತಿದ್ದೋಳು ನಾನಲ್ವಾ. ನೀನು ಅಡುಗೆಮನೇಲಿ ಇರ್ತಿದ್ದೆ. ನಿಂಗೆ ಹೇಗೆ ಗೊತ್ತು?"

"ಅಲ್ಲಿಂದಾನೇ ಕೇಳ್ತಿದ್ದೆ ಅತ್ತೆ. ದಿನಾ. ನಲ್ಲಿ ನಿಲ್ಲಿಸಿ ಕೇಳ್ತಿದ್ದೆ. ಈಗ್ಲೂ ನಿಲ್ಲಿಸ್ತೀನಿ."

ಅತ್ತೆ ಅವಳನ್ನು ಮೊದಲ ಸಲ ನೋಡುವ ಹಾಗೆ ನೋಡಿದಳು. ಒಂದೇ ಮನೆಯಲ್ಲಿ ಇಬ್ಬರು ಹೆಂಗಸರು ಒಂದೇ ಬಾಗಿಲಿಗೆ ಕಿವಿಗೊಟ್ಟು ಏಳು ವರ್ಷ ಕಳೆದಿದ್ದರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ. ಇದಕ್ಕೆ ಅಳಬೇಕೋ ನಗಬೇಕೋ ತಿಳಿಯದೆ ಅತ್ತೆ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆ ಶೂ ಬಿಚ್ಚು" ಎಂದಳು.

ಬಿಚ್ಚಿದಳು.

"ಇಲ್ಲಿ ಚಪ್ಪಲಿ ಇದ್ಯಾ? ರಬ್ಬರಿಂದು?"

"ಇದೆ."

"ಹಾಕ್ಕೋ. ಅವನು ಬರೋದನ್ನ ನಾನು ಸಾವಿರ ಸಲ ಕೇಳಿದೀನಿ. ಹೋಗೋದನ್ನ ಕೇಳಲೇ ಇಲ್ಲ. ಮಲಗಿಬಿಟ್ಟಿದ್ದೆ, ಹಾಳು ನಿದ್ದೆ. ಒಂದೇ ಸಲ ಅವನು ಹೋಗೋದನ್ನ ಕೇಳಿಸು."

ಆ ಹೆಜ್ಜೆಯನ್ನು ಅವಳೂ ಕೇಳಿರಲಿಲ್ಲ. ಪರದೆಯ ಮೇಲೆ ನೋಡಿ ನಡೆಯಲು ಅಲ್ಲೊಂದು ಬಿಂಬವೂ ಇರಲಿಲ್ಲ. ಚಪ್ಪಲಿ ಮೆಟ್ಟಿ ನಿಂತು ಅವನನ್ನು ನೆನೆದಳು: ಮಧ್ಯಾಹ್ನದ ಬಿಸಿಲು, ಚಾಪೆಯ ಮೇಲೆ ಮಲಗಿದ ಅಮ್ಮ. ಎಬ್ಬಿಸಬಾರದೆಂದು ಹಿಮ್ಮಡಿ ಎತ್ತಿ ನಡೆದಿರುತ್ತಾನೆ. ಹಾಗೇ ನಡೆದಳು. ಚಪ್ಪಲಿ ಮೆತ್ತಗೆ ಪಟ್ ಎಂದಿತು, ಎಡಗಾಲು ನೆಲ ಸವರಿತು. ಬಾಗಿಲ ಹತ್ತಿರ ಬಂದಾಗ ಕಾಲು ತಾನಾಗಿ ನಿಂತಿತು.

"ನಿಲ್ಬೇಡ" ಎಂದಳು ಅತ್ತೆ, ಕಣ್ಣು ಮುಚ್ಚಿಕೊಂಡೇ. "ಅವನು ನಿಂತಿದ್ರೆ ನಂಗೆ ಎಚ್ಚರ ಆಗ್ತಿತ್ತು."

ಅವಳು ಬಾಗಿಲು ದಾಟಿದಳು. ಕೋಣೆ ದಾಟಿದಳು. ಹೊರಗಿನ ಮೊಗಸಾಲೆಯಲ್ಲಿ ಸದ್ದು ಸಣ್ಣದಾಗುವ ತನಕ, ಗೋಡೆಯ ಆಚೆ ತಿರುಗಿ ಅದು ಪೂರ್ತಿ ಅಡಗುವ ತನಕ ನಡೆದಳು. ಅಲ್ಲಿ ಗೋಡೆಗೆ ಹಣೆ ಒತ್ತಿ ಮನಸಾರೆ ಅತ್ತಳು. ಅವನು ಹೋದ. ಏಳು ವರ್ಷದ ಮೇಲೆ ಇವತ್ತು ಹೋದ, ಅವಳ ಕಾಲಲ್ಲಿ.

ತಿರುಗಿ ಬಂದಾಗ ಗಾಜಿನ ಆಚೆಯಿಂದ ಎಂಜಿನಿಯರ್‌ನ ದನಿ ಅಳುಕುತ್ತ ಕೇಳಿಸಿತು. "ಅಕ್ಕಾ, ರೆಕಾರ್ಡ್ ಆಗಿದೆ. ಇಟ್ಕೊಳ್ಳಲಾ?"

ಅವಳು ಅತ್ತೆಯ ಮುಖ ನೋಡಿದಳು. ಅತ್ತೆ ಬೇಡವೆಂದು ತಲೆಯಾಡಿಸಿದಳು.

ಆ ಶೂ ಸ್ಟುಡಿಯೋದ ಪೆಟ್ಟಿಗೆಯಲ್ಲೇ ಉಳಿಯಿತು. ವಾಪಸ್ ಹೋಗುವ ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಗಂಡಸರು ಅದೇ ಚಿತ್ರ ನೋಡಿಕೊಂಡು ಬಂದವರು, ಕಿತ್ತಾಡುತ್ತಿದ್ದರು. ಒಬ್ಬ, ಅವನು ಗೋದಾಮಿನಲ್ಲೇ ಸತ್ತ, ಆ ಹೆಜ್ಜೆ ಬರೀ ಹೆಂಡತಿಯ ಭ್ರಮೆ ಎನ್ನುತ್ತಿದ್ದ. ಇನ್ನೊಬ್ಬ, ಭ್ರಮೆಯಾಗಿದ್ದರೆ ಕಾಲು ಯಾಕೆ ಎಳೆಯುತ್ತದೆ, ಬದುಕಿ ಮನೆಗೆ ಬಂದಿದ್ದಾನೆ ಎಂದು ಪಟ್ಟು ಹಿಡಿದಿದ್ದ. ಸೊಸೆಗೆ ಮೈಯೆಲ್ಲ ಕಿವಿಯಾಯಿತು. ಅತ್ತೆಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಅತ್ತೆ ಮುಂದಕ್ಕೆ ಬಾಗಿ ಅವರ ಸೀಟಿನ ಬೆನ್ನು ತಟ್ಟಿದಳು.

"ಬಂದಿದ್ದ ಕಣ್ರಪ್ಪಾ, ಸುಳ್ಳಲ್ಲ" ಎಂದಳು. "ಬಾಗಿಲ ತನಕ ಬಂದಿದ್ದ. ಈಗ ಹೋದ. ನಾವಿಬ್ರೂ ಕಳಿಸಿಕೊಟ್ಟೇ ಬರ್ತಿದ್ದೀವಿ."

ಅವರು ಮುಖ ಮುಖ ನೋಡಿಕೊಂಡರು. ಅತ್ತೆ ಹಿಂದಕ್ಕೆ ಒರಗಿ ಕೂತು, ಸ್ವಲ್ಪ ಹೊತ್ತಿನ ಮೇಲೆ, ಹೊಸ ಮನೆಯ ಅಡುಗೆಮನೆಗೆ ಕಿಟಕಿ ಇದೆಯಾ ಎಂದು ಕೇಳಿದಳು.