ಏಳು ಮೀಟರ್

ಮೂರನೆಯ ರೊಟ್ಟಿ ತಟ್ಟುವ ಹೊತ್ತಿಗೆ ಸ್ಕೋರು ಇಪ್ಪತ್ತೈದು–ಇಪ್ಪತ್ತೈದು ಆಗಿತ್ತು. ವಸಂತಾ ಹಿಟ್ಟಿನ ಡಬ್ಬಿಗೆ ಲ್ಯಾಪ್‌ಟಾಪ್ ಒರಗಿಸಿಕೊಂಡಿದ್ದಳು. ಅಟ್ಲಾಂಟಾ ಹತ್ತಿರದ ಡುಲುತ್‌ನಲ್ಲಿ ಶನಿವಾರದ ಮಧ್ಯಾಹ್ನ. ಪರದೆಯೊಳಗಿನ ಊರಿನಲ್ಲಿ ಆಗಲೇ ಸಂಜೆ. ಯುರೋಪಿನ ನಾಲ್ಕು ಮಹಿಳಾ ಹ್ಯಾಂಡ್‌ಬಾಲ್ ಕ್ಲಬ್ಬುಗಳ ಅರ್ಹತಾ ಪಂದ್ಯಾವಳಿಯ ಕೊನೆಯ ಆಟ. ಗೆದ್ದವರಿಗೆ ಮಾತ್ರ ದೊಡ್ಡ ಲೀಗಿನಲ್ಲಿ ಜಾಗ.

ವಸಂತಾಳ ಕಣ್ಣಿದ್ದದ್ದು ಹಸಿರು ಅಂಗಿಯವರ ಬೆಂಚಿನ ತುದಿಯಲ್ಲಿ, ಮೊಣಕಾಲಿಗೆ ಪಟ್ಟಿ ಕಟ್ಟಿ ಕೂತಿದ್ದ ನಲವತ್ತು ದಾಟಿದ ಎರಡನೇ ಗೋಲ್‌ಕೀಪರ್ ಮೇಲೆ. ಎದುರಾಳಿಗೆ ಏಳು ಮೀಟರ್ ಪೆನಾಲ್ಟಿ ಎಸೆತ ಸಿಕ್ಕಾಗ ಮಾತ್ರ ಅವಳು ಎದ್ದು ಬರುವಳು. ಎಸೆಯುವವಳೊಬ್ಬಳು, ತಡೆಯುವವಳೊಬ್ಬಳು, ನಡುವೆ ಯಾರೂ ಇಲ್ಲ. ಮುಗಿದ ಕೂಡಲೇ ಮತ್ತೆ ಬೆಂಚು. ಇಪ್ಪತ್ನಾಲ್ಕು ವರ್ಷದ ಹಿಂದೆ ಧಾರವಾಡದ ಯೂನಿವರ್ಸಿಟಿ ತಂಡದಲ್ಲಿ ವಸಂತಾಳ ಕೆಲಸವೂ ಅಷ್ಟೇ ಇತ್ತು.

ಫೋನಿನಲ್ಲಿ ಬೆಳಗಿನಿಂದ ಹರಿಣಿಯ ಮೆಸೇಜು ಕಾಯುತ್ತಿತ್ತು. ಪಕ್ಕದೂರು ನಾರ್‌ಕ್ರಾಸಿನ ಅಂಗಡಿಯಲ್ಲಿ ಪರಿಚಯವಾದವಳು. ಭಾನುವಾರ ಅಟ್ಲಾಂಟಾದ ಜಿಮ್ಮೊಂದರಲ್ಲಿ ಹೆಂಗಸರ ತಂಡ ಕಟ್ಟಿಕೊಂಡು ಹ್ಯಾಂಡ್‌ಬಾಲ್ ಆಡುವವಳು. "ಆಂಟಿ, ನಮ್ಮ ಕೀಪರ್ ಷಾರ್ಲಟ್‌ಗೆ ಮೂವ್ ಆದ್ಲು. ನಾಳೆ ಬರ್ತೀರಾ? ಬರೀ ಸೆವೆನ್ ಮೀಟರ್‌ಗಾದ್ರೂ. ಸಂಜೆಯೊಳಗೆ ಹೇಳಿ, ಇಲ್ಲಾಂದ್ರೆ ಬೇರೆಯವರನ್ನ ಕೇಳ್ತೀನಿ." 'ಇಲ್ಲಮ್ಮ, ವಯಸ್ಸಾಯ್ತು' ಎಂದು ಬರೆದಿಟ್ಟಿದ್ದಳು ವಸಂತಾ. ಕಳಿಸಿರಲಿಲ್ಲ.

ಶಿಳ್ಳೆ. ಹಸಿರು ತಂಡದ ವಿರುದ್ಧ ಏಳು ಮೀಟರ್. ಪಟ್ಟಿಯ ಹೆಂಗಸು ಎದ್ದು ಬಂದಳು.

"ಕೆಳಗ, ಬಲಕ್ಕ," ಎಂದಳು ವಸಂತಾ.

ಕೀಪರ್ ಎಡಕ್ಕೆ ಹಾರಿದಳು. ಚೆಂಡು ಬಲಗಡೆಯ ಕೆಳಮೂಲೆ ಸೇರಿತು.

ಮಜ್ಜಿಗೆ ಹುಡುಕುತ್ತ ಫ್ರಿಜ್ಜಿನ ಮುಂದೆ ನಿಂತಿದ್ದ ಗಂಡ ದಾನಪ್ಪ ತಿರುಗಿದ. "ಏ, ನಿನಗ ಹೆಂಗ ಗೊತ್ತಾತು?"

"ಒಗಿಯಾಕಿ ಮೊಣಕೈ ನೋಡ್ಬೇಕ್ರಿ. ಚೆಂಡು ನೋಡಿದ್ರ ಮೋಸ."

"ಇಟ್ಸ್ ಲೈಕ್ ವಾಟರ್ ಪೋಲೋ, ಬಟ್ ನೀರು ಇಲ್ಲ," ಎಂದಳು ಹದಿನೈದರ ಮಗಳು ಅಕ್ಷಯಾ, ಬಿಸಿ ರೊಟ್ಟಿ ಮುರಿಯುತ್ತ.

"ನಾ ಹೆಣ್ಣು ನೋಡಾಕ ಹೋದಾಗ ಹ್ಯಾಂಡ್‌ಬಾಲ್ ಆಡ್ತಿದ್ನಿ ಅಂದಿದ್ಲು ನಿಮ್ಮಮ್ಮ. ನಾ ಥ್ರೋಬಾಲ್ ಅಂತ ತಿಳ್ಕೊಂಡಿದ್ದೆ."

"ಇವತ್ತಿನ ತನಕಾ ಹಂಗ ತಿಳ್ಕೊಂಡೀರಿ," ಎಂದಳು ವಸಂತಾ.

ಕೊನೆಯ ನಿಮಿಷದಲ್ಲಿ ಮತ್ತೊಂದು ಏಳು ಮೀಟರ್. ಹೆಂಗಸು ಪಟ್ಟಿ ಬಿಗಿಮಾಡಿಕೊಂಡು ಬಂದಳು. ಎಸೆಯುವವಳ ಮೊಣಕೈ ಇಳಿಯುತ್ತಿದ್ದಂತೆ ವಸಂತಾಳ ಎಡಗಾಲು ಅಡುಗೆಮನೆಯ ನೆಲದ ಮೇಲೆ ತಾನಾಗಿ ಜಾರಿತು. ಪರದೆಯಲ್ಲೂ ಅದೇ ಕಾಲು ಜಾರಿತ್ತು. ಚೆಂಡು ಆ ಹೆಂಗಸಿನ ಕಣಕಾಲಿಗೆ ಬಡಿದು ಹೊರಗೆ ಹಾರಿತು.

"ತಡದ್ಲು!" ಎಂದು ಒದರಿದಳು ವಸಂತಾ.

"ಅಮ್ಮಾ, ರೊಟ್ಟಿ! ಬರ್ನ್ ಆಗ್ತಿದೆ!"

ಉಳಿದ ಹನ್ನೊಂದು ಸೆಕೆಂಡಿನಲ್ಲಿ ಹಸಿರು ತಂಡದ ಎಸೆತ ಗೋಲಿನ ಕಂಬಕ್ಕೆ ಬಡಿಯಿತು. ಒಂದೇ ಗೋಲಿನಿಂದ ಸೋತರು.

"ಇಷ್ಟು ಒದರಿದಿ, ಸೋತ್ರಲ್ಲ," ಎಂದ ದಾನಪ್ಪ, ಮಜ್ಜಿಗೆಯ ಪಾತ್ರೆ ಹಿಡಿದು ಟೇಬಲ್ಲಿನ ಕಡೆ ನಡೆಯುತ್ತ.

ವಸಂತಾ ಇನ್ನೂ ನೋಡುತ್ತಿದ್ದಳು. ಆ ಹೆಂಗಸು ಮೊಣಕಾಲಿನ ಪಟ್ಟಿ ಬಿಚ್ಚಿ, ಅಚ್ಚುಕಟ್ಟಾಗಿ ಸುತ್ತಿ, ಚೀಲದ ಹೊರಜೇಬಿಗೆ ಹಾಕಿಕೊಂಡಳು. ಮುಂದಿನ ಸಲ ಕೈಗೆ ಬೇಗ ಸಿಗಲಿ ಎನ್ನುವಂತೆ.

ಫೋನು ತೆಗೆದು, ಹಿಟ್ಟು ಮೆತ್ತಿದ ಬೆರಳಿನಿಂದ, ಬರೆದಿಟ್ಟ ಸಾಲನ್ನು ಒಂದೊಂದೇ ಅಕ್ಷರ ಅಳಿಸಿದಳು. ಎಡಗಾಲು ಚಾಚಿ ನೋಡಿದಳು. ಎರಡನೇ ಟೈಲಿನ ಹತ್ತಿರ ತೊಡೆ ಹಿಡಿದುಕೊಂಡಿತು.

"ವಾಟ್ ಆರ್ ಯು ಡೂಯಿಂಗ್, ಅಮ್ಮಾ?"

"ಏನಿಲ್ಲ. ಹಿಟ್ಟು ಚೆಲ್ಲೇದ ಇಲ್ಲೆ. ನೀ ಉಣ್ಣು."

ತವೆಯ ಮೇಲೆ ಹೊಸ ರೊಟ್ಟಿ ಹಾಕಿ, ಉಸಿರು ಬಿಟ್ಟು, ಮತ್ತೆ ಜಾರಿಸಿದಳು. ಚೆಲ್ಲಿದ ಹಿಟ್ಟಿನ ಮೇಲೆ ಹಿಮ್ಮಡಿಯ ಗೆರೆ ಮೂರನೇ ಟೈಲಿನವರೆಗೆ ಹೋಯಿತು.