ಐದೂವರೆ ತಾಸಿನ ಲೆಕ್ಕ

"ಐದೂವರಿ ತಾಸು ಎಲ್ಲಿ ಇಳದಿದ್ದಿ? ಯಾರ ಸಂಗಡ ಇದ್ದಿ? ಬಾಯಿ ಬಿಡು."

ಗುರಲಿಂಗಪ್ಪ ಎರಡು ಟಿಕೆಟ್‌ಗಳನ್ನು ಮಗಳ ಮುಂದೆ ಬಡಿದ. ದ್ರಾಕ್ಷಿ ರೋಗದ ತರಬೇತಿಗೆಂದು ಟೋಕಿಯೋಗೆ ಹೋಗಿದ್ದ ಅನುರಾಧಾ ಮೂರು ತಿಂಗಳ ಮೇಲೆ ಮೊನ್ನೆಯಷ್ಟೇ ಜಲನಗರದ ಮನೆಗೆ ಬಂದಿದ್ದಳು. ಬರುವ ಭಾನುವಾರ ಬಬಲೇಶ್ವರದ ಸಿದ್ದರಾಮನ ಜೊತೆ ಅವಳ ನಿಶ್ಚಯ.

"ಮುಂಬೈ ಬಿಟ್ಟಿದ್ದು ರಾತ್ರಿ ಎಂಟಕ್ಕ, ಟೋಕಿಯೋ ಮುಟ್ಟಿದ್ದು ಮುಂಜಾನೆ ಏಳೂವರಿಗೆ. ಹನ್ನೊಂದೂವರಿ ತಾಸು. ಬರಾಗ ಅಲ್ಲಿ ಮುಂಜಾನೆ ಹನ್ನೊಂದೂವರಿಗೆ ಬಿಟ್ಟು ಇಲ್ಲಿ ಸಂಜಿ ಐದೂವರಿಗೆ. ಆರ ತಾಸು. ಅದ ದಾರಿ, ಅವ ಆರು ಸಾವಿರದ ಏಳನೂರು ಕಿಲೋಮೀಟರು."

ಮೂವತ್ತೊಂದು ವರ್ಷ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು ಅವನು. ಬಸ್ಸು ಅರ್ಧ ತಾಸು ತಡವಾದರೆ ಡ್ರೈವರ್ ಯಾರ ಮನೆಯಲ್ಲಿ ಚಹಾ ಕುಡಿದ ಎಂಬುದನ್ನೂ ಹೊರಗೆಳೆಯುತ್ತಿದ್ದ.

"ಯಪ್ಪಾ, ಅಲ್ಲಿ ಹೊತ್ತು ನಮಗಿಂತ ಮೂರೂವರಿ ತಾಸು ಮುಂದ ಐತಿ. ಟಿಕೆಟಿನಾಗ ಆಯಾ ಊರಿನ ಟೈಮ್ ಬರದಿರತಾರ. ಹೋಗೂದು ಎಂಟ ತಾಸು, ಬರೂದು ಒಂಬತ್ತೂವರಿ."

"ಬರಾಗ ಯಾಕ ಹೆಚ್ಚು?"

"ಎದುರು ಗಾಳಿ."

"ಕನಮಡಿ ಬಸ್ಸಿನ ಡ್ರೈವರ್ ಒಬ್ಬಾಂವ ಹಿಂಗ ಗಾಳಿ ಕತಿ ಹೇಳಿದ್ದ. ಸಸ್ಪೆಂಡ್ ಆಗಿ ಎಂಟ ದಿನ ಮನ್ಯಾಗ ಕುಂತ."

ಅನುರಾಧಾ ಉಸಿರು ಎಳೆದುಕೊಂಡಳು. "ಸ್ಟೇಷನ್ ರಸ್ತೆದಾಗ ಚಮನಸಾಬ ಕಾಕಾನ ಚಹಾದಂಗಡ್ಯಾಗ ಎರಡು ಗಡಿಯಾರ ಅದಾವಲ್ಲ, ಯಾಕ?"

"ಒಂದು ಒಂದೂವರಿ ತಾಸು ಹಿಂದ ನಡೀತೈತಿ. ಸೆಲ್ ಬದಲಸೋ ಅಂತ ನಾಕ ವರ್ಷದಿಂದ ಹೇಳಾಕತ್ತೇನಿ, ಬರೇ ನಗತಾನ."

"ಅದು ದುಬೈ ಟೈಮ್. ಕಾಕಾನ ಮಗಳು ಅಲ್ಲಿ ಅದಾಳ. ಅಕಿ ಡ್ಯೂಟಿ ಮುಗಿಯೋ ಹೊತ್ತ ನೋಡಿ ಫೋನ್ ಮಾಡತಾನ."

ಗುರಲಿಂಗಪ್ಪನ ಬೆರಳು ಟಿಕೆಟ್ ಮೇಲೆಯೇ ನಿಂತಿತು. ನಾಲ್ಕು ವರ್ಷ ಆ ಗಡಿಯಾರದ ಕೆಳಗೇ ಕುಳಿತು ಚಹಾ ಕುಡಿದಿದ್ದ.

ಅಡುಗೆಮನೆಯ ಬಾಗಿಲಲ್ಲಿದ್ದ ತಾಯಿ ವಿಜಯಲಕ್ಷ್ಮೀ ಆಗ ಬಾಯಿ ತೆರೆದಳು. "ಇವರು ಮುಂಜಾನೆನ ಬಬಲೇಶ್ವರಕ್ಕ ಫೋನ್ ಮಾಡ್ಯಾರವಾ. ಹುಡುಗಿ ಐದೂವರಿ ತಾಸು ಎಲ್ಲಿದ್ಲೋ ಗೊತ್ತಿಲ್ಲ, ನಿಶ್ಚಯ ನಿಲ್ಲಸ್ರಿ ಅಂದಾರ."

ಅನುರಾಧಾ ಅಪ್ಪನನ್ನೇ ನೋಡಿದಳು. "ನನ್ನ ಕೇಳೂಕಿಂತ ಮೊದಲ?"

ಅವನು ಟಿಕೆಟ್‌ಗಳನ್ನು ಒಂದರ ಮೇಲೊಂದು ಜೋಡಿಸಿಟ್ಟ.

"ಈಗ ಫೋನ್ ಹಚ್ಚು. ನನ್ನ ಮುಂದ ಹೇಳು, ನಂದ ತಪ್ಪಾತು ಅಂತ."

ಅವನು ಫೋನ್ ಎತ್ತಿಕೊಂಡ. ಬೀಗರ ಮುಂದೆ ಗಡಿಯಾರ ತಿಳಿಯದ ಕಂಟ್ರೋಲರ್ ಎನಿಸಿಕೊಳ್ಳಬೇಕಲ್ಲ ಎಂದು ಮತ್ತೆ ಕೆಳಗಿಟ್ಟ. "ಎರಡ ದಿನ ಹೋಗಲಿ. ನಿಧಾನಕ ಹೇಳತೇನಿ."

ಅವಳು ಒಳಗೆ ಹೋಗಿ ಬ್ಯಾಗ್ ತಂದಳು. ವಿಮಾನದ ಚೀಟಿ ಅದರ ಹಿಡಿಕೆಗೆ ಇನ್ನೂ ಅಂಟಿಕೊಂಡಿತ್ತು. "ಅವ್ವಾ, ತಿಕೋಟಾಕ್ಕ ಅಜ್ಜ-ಆಯಿ ಮನಿಗೆ ಹೊಂಟೇನಿ."

ಹೋಗಬೇಡ ಎನ್ನಬೇಕಿತ್ತು. ಗುರಲಿಂಗಪ್ಪನ ಬಾಯಿಗೆ ಬಂದದ್ದೇ ಬೇರೆ: "ತಿಕೋಟಾ ಬಸ್ಸು ಈಗಷ್ಟ ಬಿಟ್ಟಿರತೈತಿ. ಮುಂದಿಂದು ಐದು ನಲವತ್ತಕ್ಕ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಳು.

ಐದು ನಲವತ್ತಕ್ಕೆ ಅವನು ಬಬಲೇಶ್ವರಕ್ಕೆ ಫೋನ್ ಹಚ್ಚಿ ತಪ್ಪು ಒಪ್ಪಿಕೊಂಡ. ಸಿದ್ದರಾಮನ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ಭಾನುವಾರ ಬಂತು, ನಿಶ್ಚಯವಾಗದೆಯೇ ಹೋಯಿತು. ಮಗಳು ಮಾತ್ರ ಆ ಮನೆಗೆ ತಿರುಗಿ ಬರಲಿಲ್ಲ.